ಬೇಕರಿ ಮೇಲಿನ ಲಾಯರ್ ಮೇಡಂ

ಸಾವಿನ ಮಾತನ್ನು ಬೆಳಗಿನ ತಿಂಡಿಯ ಮಾತಿನಷ್ಟು ಸಲೀಸಾಗಿ ಆಡುತ್ತಿದ್ದವರನ್ನು ನಾನು ನನ್ನ ಜೀವಮಾನದಲ್ಲಿ ಕಂಡದ್ದು ಒಬ್ಬರನ್ನೇ. "ಏನ್ ಮಿಸ್, ನೀವು ಹೋದ ಮಾರನೇ ದಿನ ಈ ಗಿಡಗಳಿಗೆ ನೀರು ಯಾರು ಹಾಕ್ತಾರೆ?" ಎಂದು ಒಮ್ಮೆ ನನ್ನನ್ನು ಕೇಳಿದ್ದರು, ಬಾಯಲ್ಲಿ ದಿಲ್‌ಪಸಂದಿನ ಚೂರು ಇಟ್ಟುಕೊಂಡೇ. ನಾನೇನೋ ಎರಡು ದಿನದ ಮಟ್ಟಿಗೆ ಮೈಸೂರಿಗೆ ಹೊರಟವಳು ಎನ್ನುವ ಹಾಗೆ. ಹೋದ ತಿಂಗಳು ಅವರೇ ಹೋದರು. ನಿದ್ದೆಯಲ್ಲೇ ಅಂತೆ. ಸುದ್ದಿ ತಿಳಿದ ದಿನ ನಾನು ಮನೆಯ ಒಂದು ಕೋಣೆಯಿಂದ ಇನ್ನೊಂದಕ್ಕೆ ಸುಮ್ಮನೆ ಓಡಾಡಿದೆ. ಹಾಗೆ ಓಡಾಡುವುದಕ್ಕೆ ಈ ವಯಸ್ಸಿನಲ್ಲಿ ನನಗೆ ಕೋಣೆಗಳಿವೆ ಎನ್ನುವುದೇ ಅವರಿಂದ.

ಅವರ ಹೆಸರನ್ನು ಬರೆಯುವುದಿಲ್ಲ. ಬರೆದರೂ ನಮ್ಮ ಕಡೆಯವರಿಗೆ ಥಟ್ಟನೆ ಗೊತ್ತಾಗಲಿಕ್ಕಿಲ್ಲ. ವೈಟ್‌ಫೀಲ್ಡಿನಿಂದ ಬ್ರೂಕ್‌ಫೀಲ್ಡಿನವರೆಗೆ ಅವರು ಎಲ್ಲರಿಗೂ ಲಾಯರ್ ಮೇಡಂ. ಮೇನ್ ರೋಡಿನಲ್ಲಿ ಒಂದು ಬೇಕರಿ, ಅದರ ಪಕ್ಕದಿಂದ ಕಬ್ಬಿಣದ ಮೆಟ್ಟಿಲು, ಮೇಲೆ ಒಂದೇ ಒಂದು ರೂಮು. ಅದೇ ಆಫೀಸು. ವಿಲ್ಲು, ಪವರ್ ಆಫ್ ಅಟಾರ್ನಿ, ದಾನಪತ್ರ ಅಂತ ಹೆದರಿಕೊಂಡು ಮೆಟ್ಟಿಲು ಹತ್ತುವವರ ಮೂಗಿಗೆ ಬಿಸಿ ಬನ್ನಿನ ವಾಸನೆ ಬಡಿದು ಅರ್ಧ ಹೆದರಿಕೆ ಅಲ್ಲೇ ಇಳಿಯುತ್ತಿತ್ತು. ಮೆಟ್ರೋ ಬಂದ ಮೇಲೆ ಕಿಟಕಿಯ ಎದುರಿಗೇ ರೈಲು ಹಾಯತೊಡಗಿತು. ರೈಲು ಬಂದಾಗ ಮೇಡಂ ಮಾತನ್ನು ಅರ್ಧಕ್ಕೇ ನಿಲ್ಲಿಸಿ, ಅದು ಹೋದ ಮೇಲೆ ನಿಲ್ಲಿಸಿದ ಪದದಿಂದಲೇ ಮುಂದುವರಿಸುತ್ತಿದ್ದರು. ಹೊಸಬರು ಗಾಬರಿಯಾಗುತ್ತಿದ್ದರು.

ಕುಳ್ಳು ಹೆಂಗಸು. ಅಗಲವಾದ ಮುಖ, ಅದಕ್ಕಿಂತ ಅಗಲವಾದ ದನಿ. ಮಾಲೂರಿನ ಕಡೆ ರೈತರ ಮನೆಯ ಮಗಳು. ಸೀರೆಯ ಕೆಳಗೆ ಓಟದ ಬೂಟು ಹಾಕಿಕೊಳ್ಳುತ್ತಿದ್ದರು. ಕರಿ ಕೋಟನ್ನು ಯಾವುದೋ ಸೀರೆ ಅಂಗಡಿಯ ಚೀಲದಲ್ಲಿ ಮಡಚಿ ಸ್ಕೂಟರಿನ ಡಿಕ್ಕಿಯಲ್ಲಿ ಇಡುತ್ತಿದ್ದರು. ಹೇಳಿದ ಹೊತ್ತಿಗೆ ಬಂದದ್ದು ನಾನು ನೋಡಿಲ್ಲ. ಸಕ್ಕರೆ ಕಾಯಿಲೆ ಇತ್ತು, ಕೆಳಗೆ ಬೇಕರಿ ಇತ್ತು. ಈ ಎರಡರ ನಡುವೆ ಅವರು ಯಾವತ್ತೂ ರಾಜಿ ಮಾಡಿಸಲಿಲ್ಲ, ಲಾಯರ್ ಆಗಿಯೂ. ನನ್ನಂಥ ಕಾನ್ವೆಂಟಿನವಳಿಗೆ ಮೊದಲ ಸಲ ಅವರನ್ನು ಕಂಡಾಗ ಅನ್ನಿಸಿದ್ದು, ಡಿಯರ್ ಲಾರ್ಡ್, ಈಕೆಯ ಕೈಗಾ ನಮ್ಮ ಮನೆ ಕೊಡುವುದು?

ನಮ್ಮ ಮನೆ ಎಂದೆ. ಆಗ ಅದು ನನ್ನದಾಗಿರಲಿಲ್ಲ. ವಿಮಲಾಳದು.

ವಿಮಲಾ ಗದಗಿನ ಕಡೆಯವಳು, ಲಿಂಗಾಯತರವಳು. ಇಲ್ಲಿ ಒಂದು ಎಲೆಕ್ಟ್ರಾನಿಕ್ಸ್ ಕಾರ್ಖಾನೆಯ ಇನ್ಸ್‌ಪೆಕ್ಷನ್ ಸೆಕ್ಷನ್ನಿನಲ್ಲಿ ಇಡೀ ಸರ್ವೀಸು ಮಾಡಿ, ತನ್ನ ದುಡಿಮೆಯಲ್ಲೇ ಈ ಪುಟ್ಟ ಮನೆ ಕಟ್ಟಿಸಿದವಳು. ಮದುವೆಯಾಗಲಿಲ್ಲ. ನಾನು ಹತ್ತಿರದ ಸ್ಕೂಲಿನಲ್ಲಿ ಇಂಗ್ಲಿಷ್ ಮಿಸ್, ಮಹಡಿಯ ಮೇಲಿನ ರೂಮಿಗೆ ಬಾಡಿಗೆಗೆ ಬಂದೆ. ಒಂದು ಮಳೆಗಾಲ ಮೇಲೆ ಸೋರಿತು ಅಂತ ಕೆಳಗೆ ಮಲಗಿದೆ. ಮಳೆ ನಿಂತ ಮೇಲೂ ಮೇಲಕ್ಕೆ ಹೋಗಲಿಲ್ಲ. ಅವಳ ಕೊರಳಲ್ಲಿ ಲಿಂಗ, ನನ್ನ ಕೊರಳಲ್ಲಿ ಶಿಲುಬೆ, ಅಡುಗೆಮನೆಯಲ್ಲಿ ಒಂದೇ ಕುಕ್ಕರ್. ಹಾಗೆ ಮೂವತ್ತು ವರ್ಷಕ್ಕೂ ಮೇಲೆ ಕಳೆಯಿತು. ಸುತ್ತಲಿನ ತೋಪುಗಳೆಲ್ಲ ಅಪಾರ್ಟ್‌ಮೆಂಟಾದವು, ನಮ್ಮಿಬ್ಬರ ಕೂದಲು ಬೆಳ್ಳಗಾಯಿತು. ಬಾಡಿಗೆ ಎನ್ನುವ ಶಬ್ದ ನಮ್ಮ ನಡುವಿನಿಂದ ಯಾವಾಗ ಬಿದ್ದುಹೋಯಿತೋ ಇಬ್ಬರಿಗೂ ನೆನಪಿಲ್ಲ.

ಆಮೇಲೆ ವಿಮಲಾಗೆ ಸ್ಟ್ರೋಕ್ ಆಯಿತು. ಬಲಗೈ ಹೋಯಿತು. ಮಾತು ತೊದಲಾಯಿತು, ತುಂಬಾ ನಿಧಾನವಾಯಿತು. ಬುದ್ಧಿ ಮಾತ್ರ ಸೂಜಿಯ ಹಾಗೆ ಚೂಪಾಗೇ ಇತ್ತು. ಅವಳನ್ನು ನೋಡಲು ಗದಗಿನಿಂದ ಅಣ್ಣ ಬಂದರು, ಬ್ರೂಕ್‌ಫೀಲ್ಡಿನ ಫ್ಲಾಟಿನಿಂದ ಅಣ್ಣನ ಮಗ ಕಿರಣ್ ಬಂದ. ಕಿರಣ್ ಒಳ್ಳೆಯ ಹುಡುಗ, ಐಟಿ ಕಂಪನಿಯಲ್ಲಿ ದೊಡ್ಡ ಕೆಲಸ. ಹೊರಡುವಾಗ ಗೇಟಿನ ಹತ್ತಿರ ನಿಂತು ಮೆತ್ತಗೆ ಹೇಳಿದ: "ಆಂಟಿ, ಅತ್ತೀಗೆ ಏನಾದ್ರೂ ಆದ್ರ ನೀವು ವರೀ ಮಾಡಬ್ಯಾಡ್ರಿ. ನಿಮಗ ಒಂದು ಚಲೋ ಸೀನಿಯರ್ ಲಿವಿಂಗ್ ನೋಡಿ ಇಡತೀನಿ."

ಅವನು ನಿಜಕ್ಕೂ ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಐ ನೋ ದಟ್. ಆದರೆ ಗೇಟು ಹಾಕಿದವಳು ಚಿಲಕದ ಮೇಲೆ ಕೈಯಿಟ್ಟು ಅಲ್ಲೇ ನಿಂತೆ. ನನಗೆ ಮೊದಲ ಸಲ ಹೊಳೆಯಿತು. ವಿಮಲಾ ಹೋದರೆ ನಾನು ಈ ಮನೆಯಲ್ಲಿ ಯಾರು? ಹೆಂಡತಿಯಲ್ಲ, ತಂಗಿಯಲ್ಲ, ಈಗ ಬಾಡಿಗೆಯವಳೂ ಅಲ್ಲ.

ವಿಮಲಾಗೂ ಅದೇ ಹೊಳೆದಿರಬೇಕು. ಎರಡು ದಿನದ ಮೇಲೆ, ಒಂದೊಂದೇ ಶಬ್ದ ಎಳೆದು, "ಮನಿ... ನಿನಗ... ಬರಿ" ಅಂದಳು. ನಾನು ಬರೆದೆ. ಮಕ್ಕಳಿಗೆ ಜೀವನವಿಡೀ ಕರ್ಸಿವ್ ಕಲಿಸಿದ ಕೈ. ಒಳ್ಳೆಯ ಕಾಗದ ತಂದು, ಇಂಗ್ಲಿಷಿನಲ್ಲಿ, ಇಂಗ್ಲಿಷ್ ಕಾದಂಬರಿಗಳಲ್ಲಿ ಓದಿದ ಗತ್ತಿನಲ್ಲಿ, ಕಮಾ ಫುಲ್‌ಸ್ಟಾಪು ಸಮೇತ ಬರೆದೆ. ವಿಮಲಾ ಎಡಗೈಯಲ್ಲಿ ಹೆಬ್ಬೆಟ್ಟು ಒತ್ತಿದಳು. ಸಾಕ್ಷಿಯಾಗಿ ನಾನೇ ಸಹಿ ಹಾಕಿದೆ. ಇನ್ನೊಂದು ಸಹಿ ನಮ್ಮ ಸ್ಕೂಲಿನ ಹಳೆಯ ಹೆಡ್‌ಮಿಸ್ಟ್ರೆಸ್ಸಿನದು. ಇದನ್ನು ರಿಜಿಸ್ಟರ್ ಮಾಡಿಸಬೇಕೋ ಏನೋ ಅಂತ ಕೇಳಲು ಬೇಕರಿಯ ಮೆಟ್ಟಿಲು ಹತ್ತಿದೆ.

ನನಗಿಂತ ಮುಂಚೆ ಬಂದವರಿದ್ದರು. ಜಿಗಣಿಯಿಂದ ಬಂದ ಒಬ್ಬ ಗಂಡಸು, ತನ್ನ ಮುದಿ ತಂದೆಯನ್ನು ಕುರ್ಚಿಯಲ್ಲಿ ಕೂರಿಸಿ, ಬಲಗೈಯ ಹೆಬ್ಬೆರಳಿಗೆ ಆಗಲೇ ಶಾಯಿ ಹಚ್ಚಿಬಿಟ್ಟಿದ್ದ.

"ತಾತ, ಬೆಳಿಗ್ಗೆ ಏನ್ ತಿಂದ್ರಿ?" ಅಂದರು ಮೇಡಂ.

ತಾತ ಯೋಚನೆ ಮಾಡಿ, "ಇನ್ನೂ ಎಮ್ಮೆ ಕರ್ದಿಲ್ಲ ಕಣವ್ವ" ಅಂದರು.

"ಎಮ್ಮೆ ಮಾರಿ ಎಷ್ಟೋ ವರ್ಷ ಆಯ್ತು ಮೇಡಂ. ಅಪ್ಪ ತಮಾಷೆ ಮಾಡ್ತಾರೆ. ಬೇಗ ಒತ್ತಿಸ್ಬಿಡಿ, ಕೆಳಗಡೆ ಕ್ಯಾಬ್ ಕಾಯ್ತಾ ಇದೆ."

"ತಮಾಷೆ ನಿಂದು ಕಣಪ್ಪಾ. ಕ್ಯಾಬ್ ಕಳಿಸು. ತಾತ ಬನ್ ತಿನ್ಲಿ. ಅವರಿಗೆ ಎಚ್ಚರ ಇರೋ ದಿನ ಕರ್ಕೊಂಡ್ ಬಾ. ಇವತ್ತು ಯಾರ ಹೆಬ್ಬೆಟ್ಟೂ ಇಲ್ಲ ಇಲ್ಲಿ."

"ನೀವೊಬ್ರೇನಾ ಲಾಯರ್ರು ಊರಿಗೆ?"

"ಬೇಕಾದಷ್ಟಿದಾರೆ. ಎದುರುಗಡೆ ಬಿಲ್ಡಿಂಗಲ್ಲೇ ಇಬ್ರಿದಾರೆ. ಮೆಟ್ಟಿಲು ಇಳೀವಾಗ ತಾತನ ಕೈ ಹಿಡ್ಕೋ."

ಆಮೇಲೆ ತಮ್ಮ ಸೆರಗಿನ ತುದಿಯಿಂದಲೇ ತಾತನ ಹೆಬ್ಬೆರಳ ಶಾಯಿ ಒರೆಸಿದರು. ಸೀರೆ ಹಾಳಾಯಿತು. ಅದನ್ನು ಗಮನಿಸಿದ ಹಾಗೂ ಕಾಣಲಿಲ್ಲ. ನನ್ನ ಕಡೆ ಕೈ ಚಾಚಿದರು. ನಾನು ಹೆಮ್ಮೆಯಿಂದ ಕಾಗದ ಕೊಟ್ಟೆ. ಕನ್ನಡಕ ಏರಿಸಿ ಓದಿದರು.

"ಯಾರು ಬರ್ದಿದ್ದು ಇದನ್ನ?"

"ನಾನೇ."

"ಸಾಕ್ಷಿ?"

"ಒಂದು ನಾನು. ಇನ್ನೊಬ್ಬರು ನಮ್ಮ ಹೆಡ್‌ಮಿಸ್ಟ್ರೆಸ್ಸು."

"ವಯಸ್ಸು?"

"ತೊಂಬತ್ತರ ಹತ್ತಿರ. ಆದ್ರೆ ವೆರಿ ಆ್ಯಕ್ಟಿವ್."

"ಮನೆ ಯಾರಿಗೆ?"

ಅಷ್ಟು ಹೊತ್ತಿಗೆ ನನ್ನ ದನಿ ಇಳಿದಿತ್ತು. "ನನಗೆ."

ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಆಹಾ! ಬರೆದೋರು ನೀವು, ಸಾಕ್ಷಿ ನೀವು, ಮನೆ ನಿಮಗೆ. ಇನ್ನೊಂದು ಸಾಕ್ಷಿ, ದೇವರು ಆಯಸ್ಸು ಕೊಡಲಿ, ವೆರಿ ಆ್ಯಕ್ಟಿವ್. ಮಿಸ್, ಇದನ್ನ ಕೋರ್ಟಿಗೆ ತಗೊಂಡ್ ಹೋದ್ರೆ ಎದುರು ಪಾರ್ಟಿ ಲಾಯರಿಗೆ ಕೆಲಸಾನೇ ಇರಲ್ಲ. ಕಾಲ್ ಮೇಲೆ ಕಾಲ್ ಹಾಕ್ಕೊಂಡು ಕಾಫಿ ಕುಡೀತಾನೆ. ಇದು ಕಾನೂನಿಗೆ ವಿಲ್ಲೇ ಅಲ್ಲ ಅಂತ ನಾನು ಹೇಳಲ್ಲ. ಆದ್ರೆ ಯಾವ ಜಡ್ಜಾದ್ರೂ ಇದನ್ನ ಓದಿದ ಕೂಡಲೇ ನಿಮ್ಮ ಮುಖ ನೋಡ್ತಾರೆ, ಕಳ್ಳಿ ಮುಖ ನೋಡ್ದಂಗೆ."

"ನಾನು ಪ್ರೀತಿಯಿಂದ ಬರೆದದ್ದು" ಅಂದೆ.

"ಅದು ಗೊತ್ತಾಗುತ್ತೆ. ಪ್ರೀತಿಯಿಂದ ಬರೆದಿದ್ದಕ್ಕೇ ಹೀಗಾಗಿರೋದು. ಮೋಸ ಮಾಡೋರು ಇಷ್ಟು ದಡ್ಡತನ ಮಾಡಲ್ಲ." ಕಾಗದವನ್ನು ಬೆಳಕಿಗೆ ಹಿಡಿದು ಇನ್ನೊಮ್ಮೆ ನೋಡಿದರು. "ಅಕ್ಷರ ಮಾತ್ರ ಏನ್ ಚೆನ್ನಾಗಿದೆ ಕಣ್ರೀ. ಫ್ರೇಮ್ ಹಾಕ್ಸಿ."

ಪೆನ್ಶನ್ನು, ಮನೆ ಕಂದಾಯ, ಆಸ್ಪತ್ರೆ ಬಿಲ್ಲು ಇವಕ್ಕೆಲ್ಲ ಓಡಾಡಲು ವಿಮಲಾಳಿಂದ ನನಗೊಂದು ಪವರ್ ಆಫ್ ಅಟಾರ್ನಿ ಮಾಡಿಸೋಣ ಅಂದರು. ನನಗೆ ಸಮಾಧಾನವಾಯಿತು. ಹಾಗಾದರೆ ಅದೊಂದಿದ್ದರೆ ಸಾಕಲ್ಲ, ವಿಲ್ಲು ಯಾಕೆ ಅಂದೆ. ಅದಕ್ಕೆ ಅವರು ಹೇಳಿದ್ದನ್ನು ನಾನು ಆಮೇಲೆ ಎಷ್ಟೋ ಜನಕ್ಕೆ ಹೇಳಿದ್ದೇನೆ: "ಅದು ಎರವಲು ಕೈ ಮಿಸ್. ಕೊಟ್ಟೋರು ಇರೋವರೆಗೂ ಕೆಲಸ ಮಾಡುತ್ತೆ. ಅವರು ಹೋದ ಗಳಿಗೇಲಿ ಆ ಕೈಯೂ ಬಿದ್ದೋಗುತ್ತೆ. ಈ ಬೆಂಗಳೂರಲ್ಲಿ ಸತ್ತೋರ ಕೈಯಲ್ಲಿ ಸೈಟ್ ಮಾರ್ತಾ ಇರೋರು ಎಷ್ಟು ಜನ ಗೊತ್ತಾ?" ವಿಲ್ಲಿಗೆ ಕೋರ್ಟಿನ ಮುದ್ರೆ ಬೇಕು, ಪ್ರೊಬೇಟ್ ಅಂತ ಏನೋ ಕೇಳಿದ್ದೇನಲ್ಲ ಅಂದರೆ, "ಜಗಳ ಇಲ್ದಿದ್ರೆ ಅಷ್ಟು ದೂರ ಹೋಗೋದು ಬೇಡ. ಜಗಳ ಆದ್ರೆ ವರ್ಷಗಟ್ಟಲೆ. ನಿಮ್ಮ ವಯಸ್ಸಿಗೆ ವರ್ಷಗಟ್ಟಲೆ ಅನ್ನೋದು ಒಳ್ಳೇ ಮಾತಲ್ಲ" ಅಂದರು. ಅವತ್ತು ಕೆಳಗಿಳಿದಾಗ ಅವರ ಮೇಲೆ ನನಗೆ ಸಿಟ್ಟಿತ್ತು. ಕೈಯಲ್ಲಿ ಅವರು ಕೊಟ್ಟ ಖಾರಾ ಬನ್ನೂ ಇತ್ತು.

ಹೊಸ ವಿಲ್ಲು ಬರೆದುಕೊಳ್ಳಲು ಮೇಡಂ ಮನೆಗೆ ಬಂದರು, ಹೇಳಿದ್ದಕ್ಕಿಂತ ಎರಡು ಗಂಟೆ ತಡವಾಗಿ. ಹಿಂದಿನ ದಿನ ಜ್ವರ ಬಂದು ವಿಮಲಾ ಮಾತ್ರೆಯ ಮಂಪರಿನಲ್ಲಿದ್ದಳು. ಮೇಡಂ ಅವಳ ಹಾಸಿಗೆಯ ಪಕ್ಕ ಕೂತು ಎರಡು ಮಾತು ಆಡಿಸಿ ನೋಡಿದರು. ಎದ್ದು ಬಂದು "ಇವತ್ತಾಗಲ್ಲ" ಅಂದರು.

ನಾನು ಬೇಡಿಕೊಂಡೆ. ಅವಳಿಗೆ ಎಲ್ಲ ಗೊತ್ತಾಗುತ್ತದೆ, ನನಗೆ ಗೊತ್ತು, ತಲೆ ಆಡಿಸುತ್ತಾಳೆ ನೋಡಿ ಅಂದೆ. ನಾಳೆ ಎನ್ನುವುದು ಇದ್ದೇ ಇರುತ್ತದೆಂದು ಯಾರು ಹೇಳಬೇಕು ಅಂದೆ. ಅತ್ತೂ ಬಿಟ್ಟೆ. ಮೇಡಂ ಚಪ್ಪಲಿ ಗೂಡಿನ ಹತ್ತಿರ ಕೂತು ಬೂಟಿನ ದಾರ ಕಟ್ಟಿಕೊಳ್ಳುತ್ತಾ ಎಲ್ಲ ಕೇಳಿಸಿಕೊಂಡರು. "ಆ ತಾತನ ಮಗಾನೂ ಹೀಗೇ ಹೇಳಿದ್ದು ಮಿಸ್" ಅಂದರು. "ಅವನಿಗೊಂದು ನ್ಯಾಯ, ನಿಮಗೊಂದು ನ್ಯಾಯ ಮಾಡಕ್ಕಾಗಲ್ಲ ನಂಗೆ." ಸ್ಕೂಟರ್ ಹೊರಟೇ ಹೋಯಿತು. ಅವತ್ತು ನಾನು ಅವರನ್ನು ಮನಸ್ಸಿನಲ್ಲೇ ಇಂಗ್ಲಿಷಿನಲ್ಲಿ ಬೈದೆ. ಕಾನ್ವೆಂಟಿನಲ್ಲಿ ಕಲಿಸದ ಇಂಗ್ಲಿಷು.

ಮರುದಿನ ಬಂದರು, ಆಗಲಿಲ್ಲ. ಅದರ ಮರುದಿನವೂ ಬಂದರು, ಕರೆಯದೆಯೇ. ನಾಲ್ಕೈದು ದಿನ ಕೋರ್ಟಿಗೆ ಹೋಗುವ ಮುಂಚೆ ಸುಮ್ಮನೆ ಬಂದು ವಿಮಲಾಳ ಮುಖ ನೋಡಿ ಹೋಗುತ್ತಿದ್ದರು. ಜ್ವರ ಪೂರ್ತಿ ಬಿಟ್ಟ ಬೆಳಿಗ್ಗೆ ವಿಮಲಾಳೇ ಅವರನ್ನು ಕಂಡು "ಲೇಟ್" ಅಂದಳು. ಮೇಡಂ ಜೋರಾಗಿ ನಕ್ಕು, "ಇವತ್ತು ಸರಿಯಾಗಿದಾರೆ. ಮಿಸ್, ನೀವು ಹೊರಗೆ ಹೋಗಿ" ಅಂದರು.

"ನಾನಾ?"

"ನೀವೇ."

"ನಮ್ಮಿಬ್ಬರ ನಡುವೆ ಯಾವತ್ತೂ ಬಾಗಿಲು ಹಾಕಿಲ್ಲ ಮೇಡಂ."

"ಅದಕ್ಕೇ ಇವತ್ತೊಂದಿನ ಹಾಕೋಣ. ನೀವು ಒಳಗಿದ್ರೆ ಆಕೆ ನಿಮ್ಮ ಮುಖ ನೋಡ್ಕೊಂಡು ಹೇಳ್ತಾರೆ. ನಂಗೆ ಆಕೆಗೆ ಏನ್ ಬೇಕು ಅಂತ ಗೊತ್ತಾಗ್ಬೇಕು."

ವರಾಂಡದಲ್ಲಿ ಕೂತೆ. ಸ್ಕೂಲಿನಲ್ಲಿ ಎಷ್ಟು ಮಕ್ಕಳನ್ನು ಕ್ಲಾಸಿನ ಹೊರಗೆ ನಿಲ್ಲಿಸಿದ್ದೆನೋ, ಅವರೆಲ್ಲರ ಪರವಾಗಿ ಆ ಒಂದು ಬೆಳಿಗ್ಗೆ ನಾನು ಹೊರಗಿದ್ದೆ. ಒಳಗೆ ಮೇಡಂ ಒಂದು ಪ್ರಶ್ನೆ ಕೇಳುತ್ತಿದ್ದರು, ಆಮೇಲೆ ಮೌನ, ತುಂಬಾ ಹೊತ್ತಿನ ಮೌನ, ವಿಮಲಾಳ ಶಬ್ದಗಳು ಒಂದೊಂದೇ ಹೊರಬೀಳುವವರೆಗೆ. ಈ ಹೆಂಗಸಿಗೆ ಇಷ್ಟು ತಾಳ್ಮೆ ಎಲ್ಲಿತ್ತೋ. ಮಧ್ಯೆ ವಿಮಲಾ ನಕ್ಕದ್ದು ಕೇಳಿಸಿತು. ಸ್ಟ್ರೋಕ್ ಆದ ಮೇಲೆ ಅವಳು ನಕ್ಕದ್ದು ಅದೇ ಮೊದಲು. ನನಗೆ ಹೊಟ್ಟೆಕಿಚ್ಚಾಯಿತು.

ಬಾಗಿಲು ತೆರೆದ ಮೇಲೆ ಏನು ಕೇಳಿದರು ಅಂತ ವಿಮಲಾಳನ್ನು ಕೇಳಿದೆ. "ಚಾಡಿ... ಹೇಳೀನಿ... ನಿಂದು" ಅಂದಳು. ಅದಕ್ಕಿಂತ ಹೆಚ್ಚು ಇಬ್ಬರೂ ಬಾಯಿ ಬಿಡಲಿಲ್ಲ.

ಸಾಕ್ಷಿಗಳನ್ನು ಮೇಡಂ ತಾವೇ ಆರಿಸಿದರು. ವಿಮಲಾಳನ್ನು ನೋಡುತ್ತಿದ್ದ ಡಾಕ್ಟರು ಒಬ್ಬರು, ಎದುರು ಮನೆಯ ಬ್ಯಾಂಕಿನ ಹೆಂಗಸು ಒಬ್ಬರು. ಇಬ್ಬರೂ ನಲವತ್ತರ ಆಸುಪಾಸು. "ಸಾಕ್ಷಿ ಅಂದ್ರೆ ನಮಗಿಂತ ಜಾಸ್ತಿ ಬದುಕೋರು ಇರ್ಬೇಕು" ಅಂದರು. ಸಬ್ ರಿಜಿಸ್ಟ್ರಾರ್ ಆಫೀಸಿನಿಂದಲೇ ಮನೆಗೆ ಬರುವ ಹಾಗೆ ಅರ್ಜಿ ಹಾಕಿ, ಅವರನ್ನು ಕರೆಸಿ, ವಿಮಲಾಳ ಹಾಸಿಗೆಯ ಪಕ್ಕದಲ್ಲೇ ರಿಜಿಸ್ಟರ್ ಆಯಿತು. ಆಗಲೂ ನನ್ನನ್ನು ಅಡುಗೆಮನೆಗೆ ಅಟ್ಟಿದ್ದರು. ಬಂದವರಿಗೆಲ್ಲ ಉಪ್ಪಿಟ್ಟು ಮಾಡಿದೆ. ಮನೆ ನನಗೆ ಉಳಿಯುತ್ತದೋ ಇಲ್ಲವೋ ಅಂತ ಗೊತ್ತಿಲ್ಲದೆ ಮಾಡಿದ ಉಪ್ಪಿಟ್ಟು. ಉಪ್ಪು ಹಾಕಲು ಮರೆತಿದ್ದೆನಂತೆ. ಮೇಡಂ ಮಾತ್ರ ಎರಡನೇ ಸಲ ಹಾಕಿಸಿಕೊಂಡರು.

ಅದಾದ ಮೇಲೆ ವಿಮಲಾ ಒಂದು ವರ್ಷ ಇದ್ದಳು. ದಟ್ ವಾಸ್ ಅ ಗುಡ್ ಇಯರ್, ಅಷ್ಟೇ ಹೇಳಬಲ್ಲೆ. ಸಂಕಟದ ವಿಷಯವೆಲ್ಲ ಮುಗಿದುಹೋದ ಮೇಲೆ ಇಬ್ಬರು ಮುದುಕಿಯರು ಎಷ್ಟು ಹಗುರವಾಗಿ ಇಸ್ಪೀಟು ಆಡಬಹುದು ಅಂತ ಆಗ ಗೊತ್ತಾಯಿತು. ಎಡಗೈಯಲ್ಲೇ ಮೋಸ ಮಾಡುತ್ತಿದ್ದಳು.

ಅವಳು ತೀರಿಕೊಂಡ ಮೇಲೆ, ಲಿಂಗಾಯತರ ತಿಥಿಯಾದ ಶಿವಗಣಾರಾಧನೆಯ ದಿನ ಮನೆಯ ತುಂಬ ಗದಗಿನ ಜನ. ಹೋಳಿಗೆಯ ಊಟ. ಎಲ್ಲರೂ ಪಂಕ್ತಿಯಲ್ಲಿ ಕೂತಿದ್ದಾರೆ, ವಿಮಲಾಳ ಅಣ್ಣ ಮಾತ್ರ ಹಾಲಿನ ಕುರ್ಚಿಯಿಂದ ಏಳಲಿಲ್ಲ. ಬೆಳಿಗ್ಗೆಯಿಂದ ಮುಖ ಕೆಂಪಗಿತ್ತು. ವಿಲ್ಲು ಇದೆ ಅಂತ ಯಾರೋ ಕಿವಿಗೆ ಹಾಕಿದ್ದರು.

"ಮನಿ ಮಾತು ಮುಗಿಯೂಮಟಾ ನಾ ಉಣ್ಣಂಗಿಲ್ಲ" ಅಂದರು. "ಬಾಡಿಗಿಗೆ ಬಂದಾಕಿ ಈಕಿ. ಜಾತ್ಯಾಕಿ ಅಲ್ಲ, ಬೀಗರಾಕಿ ಅಲ್ಲ. ಬಾಯಿ ಇಲ್ಲದ ನನ್ನ ತಂಗಿ ಕಡಿಂದ ಹೆಬ್ಬಟ್ಟು ಒತ್ತಿಸಿಕೊಂಡಾಳ. ಕೋರ್ಟಿಗೆ ಹೋಗತೀನಿ ನಾ. ನೋಡೂಣಂತ."

ಕಿರಣ್ "ಅಪ್ಪಾ, ಸಣ್ಣಗ ಮಾತಾಡ್ರಿ" ಅಂದ. ಅವನ ಮಗಳು ಸಿಂಚನಾ, ಹನ್ನೆರಡರ ಹುಡುಗಿ, ನನ್ನ ಸೆರಗು ಹಿಡಿದುಕೊಂಡು ನಿಂತಿದ್ದಳು. ಅವರು ಹೇಳಿದ್ದರಲ್ಲಿ ಬಾಡಿಗೆಗೆ ಬಂದದ್ದು ಸುಳ್ಳಾಗಿರಲಿಲ್ಲ.

ಆಗ ಮೇಡಂ ಬಂದರು. ತಡವಾಗಿಯೇ. ಸೀರೆ ಅಂಗಡಿಯ ಚೀಲದಿಂದ ವಿಲ್ಲಿನ ಪ್ರತಿ ತೆಗೆದರು. "ನಮಸ್ಕಾರ ಯಜಮಾನ್ರೇ. ಕೋರ್ಟು ಎಲ್ಲೂ ಹೋಗಲ್ಲ, ನಾಳೆಯೂ ಇರುತ್ತೆ. ನಿಮ್ಮ ತಂಗಿ ಒಂದೈದು ನಿಮಿಷ ಮಾತಾಡ್ಬೇಕಂತೆ, ಕೇಳಿ."

ಅವರ ಕೆಲಸದ ಒಂದು ಪದ್ಧತಿಯನ್ನು ಇಲ್ಲಿ ಹೇಳಬೇಕು. ಅವರು ವಿಲ್ಲನ್ನು ಕನ್ನಡದಲ್ಲಿ ಬರೆಯುತ್ತಿದ್ದರು. ಕಾನೂನಿನ ಭಾಗವೆಲ್ಲ ಮುಗಿದ ಮೇಲೆ ಕೊನೆಗೆ ಒಂದು ಪ್ಯಾರಾ, ಬರೆಸಿದವರು ಯಾವ ಮಾತಿನಲ್ಲಿ ಹೇಳಿದರೋ ಅದೇ ಮಾತಿನಲ್ಲಿ. ತೆಲುಗು ಬೆರೆತಿದ್ದರೆ ತೆಲುಗು ಬೆರೆತೇ, ಬೈಗುಳ ಇದ್ದರೆ ಬೈಗುಳ ಇಟ್ಟೇ. ಬೇರೆ ವಕೀಲರು ನಗುತ್ತಿದ್ದರಂತೆ. "ಮೇಲಿಂದು ಜಡ್ಜಿಗೆ, ಕೆಳಗಿಂದು ಮನೆಯವರಿಗೆ" ಎನ್ನುತ್ತಿದ್ದರು ಇವರು. "ಕೇಸು ಹುಟ್ಟೋದು ಮನೆ ಹಾಲಲ್ಲಿ. ಅಲ್ಲೇ ಸಾಯ್ಬೇಕು ಅದು."

ಮೊದಲು ಮೇಲಿನದನ್ನು ಓದಿದರು. ನಾನು ಬದುಕಿರುವವರೆಗೆ ಮನೆಯಲ್ಲಿ ವಾಸ ಮಾಡುವ ಹಕ್ಕು ನನಗೆ, ಯಾರೂ ಬಿಡಿಸುವಂತಿಲ್ಲ, ನಾನು ಮಾರುವಂತಿಲ್ಲ. ನನ್ನ ನಂತರ ಮನೆ ಸಿಂಚನಾಳಿಗೆ. ನನಗೂ ಅದು ಆಗಲೇ ಗೊತ್ತಾದದ್ದು. ಕಿರಣ್ ಮಗಳ ಕಡೆ ನೋಡಿದ. ಅಣ್ಣನ ಮುಖ ಸಡಿಲಾಗಲಿಲ್ಲ. "ಇದನ್ನ ಯಾರ ಬೇಕಾದ್ರೂ ಬರೀಬಹುದು" ಅಂದರು.

"ಬರೀಬಹುದು" ಅಂತ ಒಪ್ಪಿಕೊಂಡ ಮೇಡಂ ಕೊನೆಯ ಪ್ಯಾರಾ ಓದಿದರು. ಮಾಲೂರಿನ ನಾಲಿಗೆಯಲ್ಲಿ ಗದಗಿನ ಮಾತು, ಸ್ವಲ್ಪ ತಡವರಿಸುತ್ತ.

"ಮಿಸ್ಸು ನನ್ನ ಮನ್ಯಾಗ ಇದ್ದಾಕಿ ಅಲ್ಲ. ನಾವಿಬ್ಬರೂ ಒಂದ ಮನ್ಯಾಗ ಇದ್ದವರು. ಆಕಿ ಇರೂಮಟಾ ಆಕೀನ್ನ ಯಾರೂ ಏಳು ಅನಬಾರದು. ಆಕಿಗೆ ಸಾರಿಗೆ ಉಪ್ಪು ಹಾಕೂದು ನೆನಪಿರೂದಿಲ್ಲ, ಸಿಂಚನಾ ಬಂದಾಗ ನೋಡ್ಕೋಬೇಕು. ಅಣ್ಣಾ, ನೀ ಸಿಟ್ಟಾಗತಿ, ನನಗ ಗೊತ್ತೈತಿ. ಸಿಟ್ಟಾಗು. ಆದ್ರ ಉಂಡು ಸಿಟ್ಟಾಗು."

ಅಣ್ಣ ಮೊದಲು ನಕ್ಕರು. ಆಮೇಲೆ ಹೆಗಲ ಮೇಲಿನ ಟವೆಲಿನಿಂದ ಮುಖ ಮುಚ್ಚಿಕೊಂಡರು. ಟವೆಲಿನ ಒಳಗಿಂದಲೇ ದನಿ ಬಂತು: "ಸಣ್ಣಾಕಿ ಇದ್ದಾಗಿಂದ ಹಿಂಗ ಅಂತಿದ್ಲು. ಅಪ್ಪನ ಕೂಡ ಜಗಳಾಡಿ ನಾ ಉಣ್ಣದ ಕುಂತ್ರ, ತಾಟು ತಂದು ಮುಂದ ಇಟ್ಟು ಹಿಂಗ ಅಂತಿದ್ಲು. ಇದು ಅಕೀ ಮಾತ. ಬ್ಯಾರೆ ಯಾರಿಗೂ ಗೊತ್ತಿಲ್ಲ ಇದು."

ನನಗೂ ಗೊತ್ತಿರಲಿಲ್ಲ. ಮೂವತ್ತು ವರ್ಷದಲ್ಲಿ ವಿಮಲಾ ನನಗೆ ಹೇಳದೇ ಉಳಿದದ್ದನ್ನು, ತೊದಲುವ ನಾಲಿಗೆಯಿಂದ, ಮುಚ್ಚಿದ ಬಾಗಿಲಿನ ಹಿಂದೆ, ಇವರು ಕಾದು ಕೂತು ಕೇಳಿಸಿಕೊಂಡಿದ್ದರು. ನಾನು ಒಳಗಿದ್ದಿದ್ದರೆ ಆ ಪ್ಯಾರಾ ಹುಟ್ಟುತ್ತಿರಲಿಲ್ಲ. ಹುಟ್ಟಿದ್ದರೂ ನಾನೇ ಹೇಳಿಕೊಟ್ಟದ್ದು ಎನ್ನುತ್ತಿದ್ದರು.

ಅಣ್ಣ ಮುಖ ಒರೆಸಿಕೊಂಡು ಎದ್ದು ಪಂಕ್ತಿಯ ಕೊನೆಗೆ ಹೋಗಿ ಕೂತರು. ನನ್ನ ಕಡೆ ನೋಡದೆ, "ಬಡಸವಾ" ಅಂದರು. ನಾನು ಬಡಿಸಿದೆ. ಅವರ ಪಕ್ಕದಲ್ಲೇ ಜಾಗ ಮಾಡಿಕೊಂಡು ಕೂತ ಮೇಡಂ, "ನಂಗೂ ಮಿಸ್, ಹೋಳಿಗೆ ಎರಡು ಹಾಕಿ, ತುಪ್ಪ ಕಡಿಮೆ, ಶುಗರ್ ಇದೆ" ಅಂದರು. ಅಷ್ಟು ಅಳುವಿನ ನಡುವೆ ಎಲ್ಲರೂ ನಕ್ಕುಬಿಟ್ಟರು. ಕೇಸು ಆಗಲಿಲ್ಲ. ಈಗ ಅಣ್ಣ ಪ್ರತಿ ದೀಪಾವಳಿಗೆ ಗದಗಿನಿಂದ ಫೋನ್ ಮಾಡಿ, "ಸಾರಿಗೆ ಉಪ್ಪು ಹಾಕಿರೇನ್ರಿ?" ಅಂತ ಕೇಳುತ್ತಾರೆ.

ಮೇಡಂಗೆ ಥ್ಯಾಂಕ್ಸ್ ಹೇಳುವುದು ಬಹಳ ಕಷ್ಟದ ಕೆಲಸವಾಗಿತ್ತು. ಹೇಳಲು ಬಾಯಿ ತೆಗೆದರೆ ರೈಲು ಬಂದಾಗಿನ ಹಾಗೆ ಕೈ ಎತ್ತಿ ನಿಲ್ಲಿಸುತ್ತಿದ್ದರು. ಆದರೆ ಮನೆಗೆ ಬರುವುದನ್ನು ನಿಲ್ಲಿಸಲಿಲ್ಲ. ಕೋರ್ಟಿನಿಂದ ಬರುತ್ತಾ ಸ್ಕೂಟರ್ ನಿಲ್ಲಿಸಿ, ಬೂಟು ಬಿಚ್ಚಿ, ಕಾಲು ಮೇಲಿಟ್ಟುಕೊಂಡು ಅರ್ಧ ಗಂಟೆ ಕಣ್ಣು ಮುಚ್ಚುತ್ತಿದ್ದರು. ಗೊರಕೆ ಹೊಡೆಯುತ್ತಿದ್ದರು. ಎದ್ದ ಕೂಡಲೇ ಯಾರದೋ ಮನೆಯ ಜಗಳ ನೆನಪಾಗಿ ಒಬ್ಬರೇ ನಗುತ್ತಿದ್ದರು. ಹೆಸರು ಮಾತ್ರ ಹೇಳುತ್ತಿರಲಿಲ್ಲ. "ತಿಥಿ ಊಟದವರೆಗೂ ಎಲ್ರೂ ಒಳ್ಳೇವ್ರೇ ಮಿಸ್. ಪಾಯಸ ಆದ್ಮೇಲೆ ನೋಡ್ಬೇಕು" ಎನ್ನುವುದು ಅವರ ನೆಚ್ಚಿನ ಮಾತು.

ಒಂದೇ ಒಂದು ಸಲ ತಮ್ಮ ವಿಷಯ ಹೇಳಿದ್ದರು. ಅವರ ತಾಯಿ ಕೊನೆಯ ವರ್ಷಗಳಲ್ಲಿ ಒಂದು ಕಬ್ಬಿಣದ ಟ್ರಂಕು ಹಿಡಿದುಕೊಂಡು ಗಂಡುಮಕ್ಕಳ ಮನೆಯಿಂದ ಮನೆಗೆ ಸರದಿಯ ಮೇಲೆ ಓಡಾಡಿದರಂತೆ. ಟ್ರಂಕನ್ನು ಎಲ್ಲೂ ಪೂರ್ತಿ ಬಿಚ್ಚಲಿಲ್ಲವಂತೆ. ಅದಕ್ಕೇ ಈ ಕೆಲಸ ಹಿಡಿದರು ಅಂತ ನಾನು ಕಥೆ ಕಟ್ಟಲಾರೆ. ಕಟ್ಟಿದರೆ ಅವರು "ಸಾಕ್ಷಿ ಎಲ್ಲಿ?" ಅಂತ ಕೇಳುವವರು. ಆವತ್ತು ಅಷ್ಟು ಹೇಳಿ, ಸಕ್ಕರೆ ಹಾಕಿದ ಕಾಫಿ ಕುಡಿದು, ಬೂಟಿನ ದಾರ ಕಟ್ಟಿಕೊಂಡು ಹೋದರು.

ಅವರ ಅಂತ್ಯಕ್ರಿಯೆ ಮಾಲೂರಿನ ಹತ್ತಿರ ಅವರ ಊರಲ್ಲೇ ಆಯಿತು. ನನಗೆ ಹೋಗಲಾಗಲಿಲ್ಲ, ಮಂಡಿ ನೋವು. ಸಿಂಚನಾ ಫೋನಿನಲ್ಲಿ ಫೋಟೋ ತೋರಿಸಿದಳು. ಶವದ ಸುತ್ತ ಎಷ್ಟು ಜನ ಮುದುಕ ಮುದುಕಿಯರು! ಕೋಲು ಊರಿಕೊಂಡು, ಯಾರದೋ ತೋಳು ಹಿಡಿದುಕೊಂಡು. ಅವರಲ್ಲಿ ಯಾರ ಪರಿಚಯವೂ ನನಗಿಲ್ಲ. ಆದರೂ ನಾವೆಲ್ಲ ಒಂದೇ ಸ್ಕೂಲಿನವರು ಅನ್ನಿಸಿತು.

ನಿನ್ನೆ ಬೆಳಿಗ್ಗೆ ಬೆಲ್ ಆಯಿತು. ನಮ್ಮ ಬೀದಿಯಲ್ಲಿ ಉಳಿದಿರುವ ಒಂಟಿ ಮನೆಗಳು ಮೂರೋ ನಾಲ್ಕೋ, ಹಾಗಾಗಿ ಬ್ರೋಕರುಗಳು ನೊಣದ ಹಾಗೆ. ಈತ ಐವತ್ತರ ಮನುಷ್ಯ, ಬಿಳಿ ಅಂಗಿ, ಕಿವಿಯಲ್ಲಿ ಇಯರ್‌ಫೋನು.

"ಮೇಡಂ, ಓನರ್ ಇದಾರಾ? ಬಿಲ್ಡರ್ ಕಡೆಯಿಂದ ಬಂದಿದೀನಿ. ಮನೆ ಒಡೆದು ಅಪಾರ್ಟ್‌ಮೆಂಟ್ ಕಟ್ಟಕ್ಕೆ ಜಾಯಿಂಟ್ ಡೆವಲಪ್‌ಮೆಂಟ್ ಕೊಟ್ರೆ ಎರಡು ಫ್ಲ್ಯಾಟ್ ಗ್ಯಾರಂಟಿ."

"ಓನರ್ ಸ್ಕೂಲಿಗೆ ಹೋಗಿದಾಳೆ" ಅಂದೆ, ಸಿಂಚನಾಳನ್ನು ನೆನೆದು.

ಆತ ಮೇಲಿಂದ ಕೆಳಗೆ ನನ್ನನ್ನು ನೋಡಿದ. "ಹಾಗಾದ್ರೆ ನೀವು ಯಾರು ಮೇಡಂ, ಬಾಡಿಗೆಗಿದೀರಾ?"

ಆ ಪ್ರಶ್ನೆ ನನ್ನನ್ನು ಇದೇ ಗೇಟಿನ ಹತ್ತಿರ ನಿಲ್ಲಿಸಿಬಿಟ್ಟಿದ್ದ ಕಾಲವೊಂದಿತ್ತು. "ನಾನು ಈ ಮನೆಯವಳು. ನಾನಿರೋವರೆಗೂ ಇದನ್ನ ಯಾರೂ ಮಾರಕ್ಕಾಗಲ್ಲ, ಒಡೆಯಕ್ಕಾಗಲ್ಲ. ನಾನೂ ಮಾರಕ್ಕಾಗಲ್ಲ" ಅಂದೆ.

"ಹಾಗಂತ ಯಾರು ಹೇಳಿದ್ದು ನಿಮಗೆ?"

"ನಮ್ಮ ಲಾಯರ್ ಮೇಡಂ."

"ಅಯ್ಯೋ, ಲಾಯರ್‌ಗಳು ಹಾಗೇ ಹೇಳ್ತಾರೆ ಮೇಡಂ. ಅವರ ನಂಬರ್ ಕೊಡಿ, ನಾನು ಮಾತಾಡಿ ಒಪ್ಪಿಸ್ತೀನಿ."

ನನಗೆ ಜೋರಾಗಿ ನಗು ಬಂತು. ಎಷ್ಟೋ ದಿನದ ಮೇಲೆ ಬಂದ ನಗು, ತಡೆಯಲಾಗಲಿಲ್ಲ, ಕಣ್ಣಲ್ಲಿ ನೀರು ಬಂತು. ಆತನಿಗೆ ಏನೂ ಅರ್ಥವಾಗದೆ ಎರಡು ಹೆಜ್ಜೆ ಹಿಂದೆ ಸರಿದ. ಪಾಪ. ಅವರು ಬದುಕಿದ್ದು, ನಾನು ನಿಜಕ್ಕೂ ನಂಬರ್ ಕೊಟ್ಟಿದ್ದರೆ, ಈ ಮನುಷ್ಯ ಸಂಜೆಯೊಳಗೆ ಬೇಕರಿಯ ಮೇಲೆ ಕೂತು, ಕೈಯಲ್ಲಿ ಬನ್ನು ಹಿಡಿದುಕೊಂಡು, ತನ್ನದೇ ವಿಲ್ಲು ಬರೆಸುತ್ತಿದ್ದ.